ಕೇಳಲು 7, ಓದಲು 10: ನಮ್ಮ ಜಗಲಿಯ ಪುಸ್ತಕಗಳು

ಪುಸ್ತಕದ ಬೆನ್ನಿನ ಮೇಲೆ '8+' ಅಂತ ಒಂದೇ ಒಂದು ಸಂಖ್ಯೆ ಇದ್ದರೆ ನಮ್ಮ ಊರಿನ ಮಕ್ಕಳಿಗೆ ಅದು ಸಾಲುವುದಿಲ್ಲ. ಎರಡು ಸಂಖ್ಯೆ ಬೇಕು. ಯಾರಾದರೂ ಓದಿ ಹೇಳಿದರೆ ಎಷ್ಟನೇ ವಯಸ್ಸಿಗೆ ಆಗಬಹುದು ಅನ್ನುವುದು ಒಂದು, ಮಗು ತಾನೇ ಕೂತು ಓದಲಿಕ್ಕೆ ಎಷ್ಟಾಗಬೇಕು ಅನ್ನುವುದು ಇನ್ನೊಂದು.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಏಪ್ರಿಲ್, ಮೇ ರಜೆಯಲ್ಲಿ ಮಧ್ಯಾಹ್ನದ ಊಟ ಆದ ಮೇಲೆ ಸುತ್ತಮುತ್ತಲಿನ ಏಳೆಂಟು ಮಕ್ಕಳು ನಮ್ಮ ಜಗಲಿಗೆ ಬರುತ್ತಾರೆ. ಒಬ್ಬನ ಮನೆಯಲ್ಲಿ ತುಳು, ಇನ್ನೊಬ್ಬಳ ಮನೆಯಲ್ಲಿ ಮಲಯಾಳ, ಇಬ್ಬರದ್ದು ಹವ್ಯಕ, ಒಬ್ಬಳದ್ದು ಮರಾಠಿ. ಶಾಲೆ ಮಾತ್ರ ಎಲ್ಲರದ್ದೂ ಕನ್ನಡ ಮಾಧ್ಯಮ. ಕತೆ ಹೇಳಿದರೆ ಎಲ್ಲರೂ ಬಾಯಿ ಬಿಟ್ಟು ಕೇಳುತ್ತಾರೆ. ಅದೇ ಪುಸ್ತಕ ಕೈಗೆ ಕೊಟ್ಟರೆ ಕೆಲವರ ಬೆರಳು ಎರಡನೇ ಪುಟದಲ್ಲೇ ನಿಂತುಬಿಡುತ್ತದೆ. ಬುದ್ಧಿ ಕಡಿಮೆ ಅಂತ ಅಲ್ಲ, ಪುಸ್ತಕದ ಕನ್ನಡ ಅವರ ಮನೆಯ ಮಾತಲ್ಲ, ಅಷ್ಟೇ.

ಪ್ರಥಮ್ ಬುಕ್ಸ್‌ನವರು ಪುಸ್ತಕದ ಹಿಂದೆ ಒಂದರಿಂದ ನಾಲ್ಕರವರೆಗೆ ಹಂತ ಹಾಕುತ್ತಾರೆ, ಅವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕತೆಗಳು ಪುಕ್ಕಟೆ ಸಿಗುತ್ತವೆ. ಅಕ್ಷರ ಕೂಡಿಸಿ ಓದುವ ಮಕ್ಕಳಿಗೆ ಅದು ತುಂಬಾ ಒಳ್ಳೆಯದು, ಮೊದಲು ಅಲ್ಲಿಂದಲೇ ಶುರು ಮಾಡಿ. ಆದರೆ ಆ ಹಂತಗಳು ಓದುವ ಶಕ್ತಿಯನ್ನು ಮಾತ್ರ ಅಳೆಯುತ್ತವೆ. ಆ ಕತೆ ರಾತ್ರಿ ದೀಪ ಆರಿಸಿದ ಮೇಲೆ ಮಗುವಿನ ತಲೆಯಲ್ಲಿ ಎಂತ ಮಾಡುತ್ತದೆ ಅಂತ ದೊಡ್ಡವರೇ ನೋಡಬೇಕು.

ಅದನ್ನು ನಾನು ಕಲಿತದ್ದು ಪೂರ್ಣಚಂದ್ರ ತೇಜಸ್ವಿಯವರ 'ಕಾಡಿನ ಕತೆಗಳು' ಓದಿ ಹೇಳಿದಾಗ. ಕೆನೆತ್ ಆಂಡರ್ಸನ್‌ನ ಬೇಟೆಯ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದದ್ದು, ನರಭಕ್ಷಕ ಹುಲಿ, ಚಿರತೆಗಳ ಕತೆ. ಭಾಷೆ ಎಷ್ಟು ಸಲೀಸು ಅಂದ್ರೆ 9 ವರ್ಷದ ಮಗುವಿಗೂ ಒಂದು ಶಬ್ದ ವಿವರಿಸಬೇಕಾಗಿಲ್ಲ. ಹಾಗಾಗಿ ಧೈರ್ಯವಾಗಿ ಎರಡು ಕತೆ ಓದಿದೆ. ನೆರೆಮನೆಯ 9 ವರ್ಷದ ಹುಡುಗ ಕದಲದೆ ಕೇಳಿದ. ನಾಲ್ಕು ದಿನ ಬಿಟ್ಟು ಅವನ ಅಮ್ಮ ಬಂದರು. 'ಅಕ್ಕಾ, ಇವನಿಗೆ ಎಂತ ಕತೆ ಹೇಳಿದ್ದು ನೀವು? ಕತ್ತಲಾದ ಮೇಲೆ ಬಚ್ಚಲಿಗೆ ಹೋಗ್ಲಿಕ್ಕೆ ನಾನು ಟಾರ್ಚ್ ಹಿಡಿದು ಬಾಗಿಲಲ್ಲಿ ನಿಲ್ಲಬೇಕು' ಅಂದರು. ಅವರ ಬಚ್ಚಲು ಮನೆಯಿಂದ ಸ್ವಲ್ಪ ದೂರ, ಅಡಿಕೆ ತೋಟಕ್ಕೆ ತಾಗಿಕೊಂಡು ಉಂಟು. ನನಗೆ ಆಗ ಹೊಳೆಯಿತು: ಕತೆಯಲ್ಲಿ ರಾತ್ರಿ ಹೊತ್ತು ಒಬ್ಬನೇ ಹೊರಗೆ ಕಾಲಿಟ್ಟವನನ್ನು ಪ್ರಾಣಿ ಹೊತ್ತುಕೊಂಡು ಹೋಗುತ್ತದೆ, ಇವನೂ ದಿನಾ ರಾತ್ರಿ ಹಾಗೆಯೇ ಕಾಲಿಡುವವನು. ನಿಜವಾಗಿ ತುಂಬಾ ಬೇಜಾರಾಯಿತು. ಇದೇ ಹುಡುಗ ಐದನೇ ವಯಸ್ಸಿನಲ್ಲಿ ಯಕ್ಷಗಾನದಲ್ಲಿ ನರಸಿಂಹ ಹಿರಣ್ಯಕಶಿಪುವಿನ ಕರುಳು ಬಗೆಯುವುದನ್ನು ಅಜ್ಜನ ಮಡಿಲಲ್ಲಿ ಕೂತು ನೋಡಿದವನು, ಏನೂ ಆಗಿರಲಿಲ್ಲ. ಅಲ್ಲಿ ಚೆಂಡೆ ಉಂಟು, ದೀಪ ಉಂಟು, ಊರಿಗೆ ಊರೇ ಸುತ್ತ ಕೂತಿರುತ್ತದೆ. ರಕ್ತ ಬರುತ್ತದಾ ಇಲ್ಲವಾ ಅಂತ ಮಾತ್ರ ನೋಡಿ ವಯಸ್ಸು ಹಾಕಬಾರದು, ಕತೆಯ ಭಯ ಮಗುವಿನ ದಿನನಿತ್ಯದ ಜಾಗಕ್ಕೆ ಬಂದು ಕೂರುತ್ತದಾ ಅಂತ ನೋಡಬೇಕು. 'ಕಾಡಿನ ಕತೆಗಳು' ನನ್ನ ಲೆಕ್ಕದಲ್ಲಿ ಕೇಳಲು 11, ಓದಲು 12. ಓದಿ ಹೇಳುವುದಾದರೆ ಹಗಲು ಹೊತ್ತಲ್ಲೇ. ಪುಸ್ತಕದ ಬಗ್ಗೆ ದೂರಿಲ್ಲ, ಕಾಡು, ಅಲ್ಲಿನ ಸದ್ದು, ಹೆಜ್ಜೆ ಗುರುತು ಇವೆಲ್ಲ ಇಷ್ಟು ಚಂದ ಬರುವ ಪುಸ್ತಕ ಕಡಿಮೆ.

ಈಗ ಪತ್ತೇದಾರಿ. ಮಕ್ಕಳು ಜಾಸ್ತಿ ಕೇಳುವುದು ಇದನ್ನೇ. ಕನ್ನಡದ ಹಳೆಯ ಪತ್ತೇದಾರಿ ಕಾದಂಬರಿಗಳು ದೊಡ್ಡವರಿಗೆ ಬರೆದವು, 10 ವರ್ಷದವರಿಗೆ ಕೊಡಲಾಗುವುದಿಲ್ಲ. ನಾನು ಆರಿಸಿದ್ದು ಷರ್ಲಾಕ್ ಹೋಮ್ಸ್ ಕತೆಗಳ ಕನ್ನಡ ಅನುವಾದ. ಕಾನನ್ ಡಾಯ್ಲ್ ಬರೆದ ಹೋಮ್ಸ್‌ನ ಮೊದಲ 12 ಸಣ್ಣ ಕತೆಗಳು 1892ರಲ್ಲಿ ಪುಸ್ತಕವಾಗಿ ಬಂದವು. ಆ 12ರಲ್ಲಿ ಹೆಚ್ಚಿನವಕ್ಕೆ ಕೊಲೆಯೇ ಬೇಕಾಗಿಲ್ಲ, ಹೊರಗಿನಿಂದ ನೋಡಿದವರಿಗೆ ಇದು ಗೊತ್ತಿರುವುದಿಲ್ಲ. ಕ್ರಿಸ್‌ಮಸ್ ಬಾತುಕೋಳಿಯ ಹೊಟ್ಟೆಯಲ್ಲಿ ಕದ್ದ ನೀಲಿ ರತ್ನ ಸಿಗುವ ಕತೆ ಕೇಳಲು 8ಕ್ಕೇ ಸಾಕು. ಕೊನೆಯಲ್ಲಿ ಹೋಮ್ಸ್ ಕಳ್ಳನನ್ನು ಬಿಟ್ಟುಬಿಡುತ್ತಾನೆ. 'ಬಿಟ್ಟದ್ದು ಸರಿಯಾ?' ಅಂತ ನಮ್ಮ ಜಗಲಿಯಲ್ಲಿ ಅರ್ಧ ಗಂಟೆ ಜಗಳ ಆಯ್ತು.

ಕೆಂಪು ಕೂದಲಿನವರ ಸಂಘದ ಕತೆ ಮಾತ್ರ ನಾನು ಮರೆಯುವ ಹಾಗಿಲ್ಲ. (ಗುಟ್ಟು ಬಿಟ್ಟುಕೊಡುತ್ತಿದ್ದೇನೆ, ಓದದವರು ಈ ಪ್ಯಾರಾ ದಾಟಿ ಹೋಗಿ.) ಕೂದಲು ಕೆಂಪಗೆ ಉಂಟು ಅಂತ ಒಬ್ಬ ಅಂಗಡಿಯವನಿಗೆ ಕೆಲಸ ಸಿಗುತ್ತದೆ, ದಿನಾ ಕೂತು ವಿಶ್ವಕೋಶ ನಕಲು ಮಾಡುವುದು, ಅದಕ್ಕೆ ಒಳ್ಳೆ ಸಂಬಳ. ಆಮೇಲೆ ಒಂದು ದಿನ ಸಂಘವೇ ಇಲ್ಲ. ಹೋಮ್ಸ್ ಅಂಗಡಿಗೆ ಹೋಗಿ ಅಲ್ಲಿನ ಕೆಲಸದವನನ್ನು ಮಾತಾಡಿಸಿ ಬರುತ್ತಾನೆ. ಅವನ ಮುಖ ನೋಡಲಿಕ್ಕೆ ಹೋದದ್ದಲ್ಲ, ಪ್ಯಾಂಟಿನ ಮೊಣಕಾಲು ನೋಡಲಿಕ್ಕೆ ಅನ್ನುತ್ತಾನೆ. ನಾನು ಅಲ್ಲಿಗೆ ಓದಿ ನಿಲ್ಲಿಸಿದೆ. ಎಂತ ಇರಬಹುದು ಅಂತ ಕೇಳಿದೆ. ಮೂಲೆಯಲ್ಲಿ ಕೂತ ಹುಡುಗ, 10 ವರ್ಷ, ಯಾವತ್ತೂ ಮಾತಾಡುವವನಲ್ಲ, ಕೂಡ್ಲೇ ಹೇಳಿದ: 'ಅವ ಸುರಂಗ ತೋಡ್ತಾ ಇದ್ದಾನೆ.' ಅವನ ಅಜ್ಜ ಸುರಂಗ ತೋಡುವ ಕೆಲಸದವರು. ಇಲ್ಲಿಯವರಿಗೆ ಗೊತ್ತು, ನಮ್ಮ ಗುಡ್ಡೆಗಳಲ್ಲಿ ನೀರಿಗೆ ಬಾವಿಯ ಬದಲು ಮುರಕಲ್ಲು ಕೊರೆದು ಅಡ್ಡಕ್ಕೆ ಸುರಂಗ ತೋಡುತ್ತಾರೆ, ಒಳಗೆ ಕುಕ್ಕರಗಾಲಲ್ಲಿ, ಕೆಲವು ಸಲ ಮೊಣಕಾಲೂರಿ ಕೆಲಸ. ಗಾಳಿ ಉಂಟಾ ಅಂತ ನೋಡಲಿಕ್ಕೆ ಮೋಂಬತ್ತಿ ಹಚ್ಚಿಟ್ಟುಕೊಳ್ಳುತ್ತಾರೆ. 'ಅಜ್ಜನ ಲುಂಗಿಯೂ ಮೊಣಕಾಲಲ್ಲೇ ಮೊದಲು ಹರಿಯುವುದು' ಅಂದ ಅವನು. ಲಂಡನ್ನಿನ ಕಳ್ಳನನ್ನು ಅವನು ಹೋಮ್ಸ್‌ಗಿಂತ ಹತ್ತು ಪುಟ ಮೊದಲು ಹಿಡಿದದ್ದು! ಮರುದಿನದಿಂದ ಆ ಹುಡುಗ ಎದುರು ಸಾಲಲ್ಲಿ ಕೂತ. ಈ ಕತೆ ಕೇಳಲು 9, ಓದಲು 12.

ಹಾವಿನ ಕತೆ, ಅದೇ ಗಾಳಿಕಿಂಡಿಯಲ್ಲಿ ಇಳಿದು ಬರುವ ಚುಕ್ಕಿ ಹಾವು, ಕೇಳಲು 12. ಒಬ್ಬಳೇ ಮಲಗಿದ ಕೋಣೆ, ರಾತ್ರಿ ಶಿಳ್ಳೆ ಸದ್ದು, ಮತ್ತೆ ಅದೇ ಬಚ್ಚಲಿನ ಭಯದ ಜಾತಿಗೆ ಸೇರಿದ್ದು. ನಮ್ಮ ದೊಡ್ಡ ಮಕ್ಕಳು ಅದರಲ್ಲಿ ತಪ್ಪೂ ಹುಡುಕಿದರು, ಹಾವು ಹಾಲು ಕುಡಿಯುವುದಿಲ್ಲವಲ್ಲ ಅಂತ. ಇನ್ನು ಹೋಮ್ಸ್‌ನ ಉದ್ದ ಕಾದಂಬರಿಗಳನ್ನು 14ರ ಮೊದಲು ಕೊಡಬೇಡಿ. 1890ರಲ್ಲಿ ಬಂದ ಎರಡನೇ ಕಾದಂಬರಿ ಶುರುವಾಗುವುದೇ ಹೋಮ್ಸ್ ಕೊಕೇನ್ ಚುಚ್ಚಿಕೊಳ್ಳುವುದರಿಂದ. 14 ಆದವರಿಗೆ ಕೊಡುವಾಗಲೂ ಆ ಬಗ್ಗೆ ಎರಡು ಮಾತು ಆಡಿಯೇ ಕೊಡಿ. ತೇಜಸ್ವಿಯವರ 'ಜುಗಾರಿ ಕ್ರಾಸ್' ಕನ್ನಡದಲ್ಲಿ ನನಗೆ ತುಂಬಾ ಇಷ್ಟದ ರಹಸ್ಯ ಕಾದಂಬರಿ, ಹಳೆಗನ್ನಡ ಕಾವ್ಯದೊಳಗೆ ಒಂದು ಗುಟ್ಟು, ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ, ಒಂದೇ ದಿನದಲ್ಲಿ ಎಲ್ಲ. ಆದರೆ ಓದಲು 16.

ಮಾಯೆ, ಮಾಂತ್ರಿಕ, ರಾಕ್ಷಸರ ಕತೆಗಳ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಒಂದು ಆನ್‌ಲೈನ್ ಅಂಗಡಿಯಿಂದ 'ಎಲ್ಲ ವಯಸ್ಸಿನವರಿಗೆ' ಅಂತ ಬರೆದಿದ್ದ ದಪ್ಪ ಅನುವಾದವೊಂದನ್ನು ತರಿಸಿದೆ. ಮೊದಲ ಅಧ್ಯಾಯದಲ್ಲೇ ಮಗುವಿನ ಕಣ್ಣೆದುರು ಅಮ್ಮ ಸಾಯುತ್ತಾಳೆ, ಅದನ್ನು ಎಲ್ಲಿಯೂ ಹೇಳಿರಲಿಲ್ಲ. ನಮ್ಮಲ್ಲಿಗೆ ಬರುವ ಒಬ್ಬಳು ಮಗುವಿಗೆ ಅಮ್ಮ ಇಲ್ಲ. ಆ ಪುಸ್ತಕ ನಾನು ಜಗಲಿಗೆ ತರಲೇ ಇಲ್ಲ. ಅನುಪಮಾ ನಿರಂಜನ ಅವರ 'ದಿನಕ್ಕೊಂದು ಕಥೆ' ನಂಬಿ ತೆಗೆದುಕೊಳ್ಳಬಹುದು, 12 ಭಾಗ, ವರ್ಷದ ಪ್ರತಿ ದಿನಕ್ಕೆ ಒಂದು ಕತೆ. ಕೇಳಲು 5, ಓದಲು 8. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ರಾಗವಾಗಿ ಓದಿದರೆ ಇಲಿಗಳು ಬರುವಾಗ ಸಣ್ಣವರು ಎದ್ದು ಕುಣಿಯುತ್ತಾರೆ. ಮಕ್ಕಳೆಲ್ಲ ಜೋಗಿಯ ಹಿಂದೆ ಹೋಗುವ ಕೊನೆಗೆ ಬಂದಾಗ ಒಬ್ಬಳು ಐದು ವರ್ಷದವಳು ನನ್ನ ಸೆರಗು ಗಟ್ಟಿ ಹಿಡಿದಳು. ಕೇಳಲು 6 ಇರಲಿ.

ಕತೆಯಲ್ಲದ ಪುಸ್ತಕಗಳಲ್ಲಿ ನಾನು ಎಲ್ಲರಿಗೂ ಹೇಳುವುದು ಬಿ.ಜಿ.ಎಲ್. ಸ್ವಾಮಿಯವರ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'. ಸಸ್ಯಗಳ ಶಾಸ್ತ್ರೀಯ ಹೆಸರು ಬರುವುದರಿಂದ ಓದಲು 14 ಬೇಕು. ಕೇಳಲು 9 ಸಾಕು, ಆದರೆ ಊಟದ ತಟ್ಟೆ ಎದುರಿಗೆ ಇಟ್ಟುಕೊಂಡು. ನಾವು ಹಾಗೇ ಮಾಡಿದೆವು. ಆ ಕಡೆಯಿಂದ ಬಂದದ್ದನ್ನೆಲ್ಲ ತಟ್ಟೆಯಿಂದ ತೆಗೆಯಿರಿ ಅಂದೆ. ಮೆಣಸು ಹೋಯಿತು, ಟೊಮೆಟೊ, ಬಟಾಟೆ ಹೋಯಿತು, ಅನಾನಸು, ಪಪ್ಪಾಯಿ, ನೆಲಗಡಲೆ ಹೋಯಿತು. ಉಳಿದದ್ದು ಅನ್ನ, ಮಜ್ಜಿಗೆ, ಒಂದು ಚೂರು ತೆಂಗಿನಕಾಯಿ. ಹಾಗಾದ್ರೆ ಮೊದಲು ಖಾರಕ್ಕೆ ಎಂತ ಹಾಕ್ತಿದ್ರು ಅಂತ ಕೇಳಿದರು. ಒಳ್ಳೆಮೆಣಸು, ಅದೇ ಕರಿಮೆಣಸು, ಅಂದೆ. 'ಒಳ್ಳೆ' ಯಾಕೆ ಅಂತ ಆಗ ಅವರಿಗೇ ಹೊಳೆಯಿತು, ಹೊರಗಿನಿಂದ ಬಂದದ್ದು ಮೆಣಸು ಅನ್ನುವ ಹೆಸರು ತೆಗೆದುಕೊಂಡಿತು, ನಮ್ಮದು ಒಳ್ಳೆಮೆಣಸಾಯಿತು. ತುಳುವಿನವನು 'ಎಡ್ಡೆ ಮುಂಚಿ' ಅಂದ, ಮಲಯಾಳದವಳು 'ನಲ್ಲಮುಳಕು' ಅಂದಳು. ಮೂರರಲ್ಲೂ ಅದೇ 'ಒಳ್ಳೆ'. ಇದು ಬೇರೆ ಊರಿನ ಮಕ್ಕಳಿಗೆ ಇಷ್ಟು ಬೇಗ ಸಿಗಲಿಕ್ಕಿಲ್ಲ.

ಅದೇ ದಿನ ಗೇರುಬೀಜದ ಮಾತೂ ಬಂತು, ಬ್ರೆಜಿಲ್‌ನಿಂದ ಪೋರ್ಚುಗೀಸರು ತಂದ ಮರ ಅಂದೆ. ಎಣ್ಮಕಜೆ ಕಡೆಯಿಂದ ಅಜ್ಜಿ ಮನೆಗೆ ಬಂದಿದ್ದ ಹುಡುಗಿ ಕೇಳಿದಳು, 'ಅತ್ತೆ, ಹೆಲಿಕಾಪ್ಟರಲ್ಲಿ ಮದ್ದು ಬಿಟ್ಟದ್ದು ಇದೇ ಮರಕ್ಕಾ?' ಎಂಡೋಸಲ್ಫಾನ್ ಅನ್ನುವ ಕೀಟನಾಶಕ. 2000ದವರೆಗೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ನಮ್ಮ ಗೇರು ತೋಟಗಳ ಮೇಲೆ ಅದನ್ನು ಸಿಂಪಡಿಸಿದರು, ಸುಪ್ರೀಂ ಕೋರ್ಟ್ ದೇಶಕ್ಕೇ ನಿಷೇಧ ಹಾಕಿದ್ದು 2011ರಲ್ಲಿ. ಅವಳ ನೆರೆಮನೆಯಲ್ಲಿ ಹಾಸಿಗೆ ಬಿಟ್ಟು ಏಳಲಾಗದ ಒಬ್ಬ ಅಣ್ಣ ಇದ್ದಾನೆ. ಅವಳಿಗೆ 9 ವರ್ಷ. ಯಾವ ಪುಸ್ತಕದ ಹಿಂದೆ ಎಂತ ಸಂಖ್ಯೆ ಬರೆದರೂ ಆ ವಿಷಯ ಅವಳ ಪಾಲಿಗೆ 9ಕ್ಕೇ ಬಂದಾಗಿದೆ. 'ಹೌದು, ಇದೇ ಮರಕ್ಕೆ' ಅಂದೆ, ಗೊತ್ತಿದ್ದಷ್ಟು ಸಣ್ಣ ಮಾತಲ್ಲಿ ಹೇಳಿದೆ. ವಿಜ್ಞಾನದ, ಚರಿತ್ರೆಯ ಪುಸ್ತಕ ಮಕ್ಕಳಿಗೆ ಓದುವಾಗ ಇಂಥ ಪ್ರಶ್ನೆ ಬರುತ್ತದೆ, ಬಂದಾಗ ಮಾತು ತಿರುಗಿಸಬೇಡಿ.

'ಕರ್ವಾಲೋ' ಬಗ್ಗೆ ಹೇಳದೆ ಇರಲಾರೆ. ತೇಜಸ್ವಿಯವರ 1980ರ ಕಾದಂಬರಿ, ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋಗುವವರ ಕತೆ. ರಹಸ್ಯವೂ ಹೌದು, ವಿಜ್ಞಾನವೂ ಹೌದು. ಕಳ್ಳಭಟ್ಟಿ, ಪೊಲೀಸು ಎಲ್ಲ ಬರುತ್ತದೆ, ಆದರೂ ಓದಲು 13 ಸಾಕು, ಕೇಳಲು 11. ನಮ್ಮಲ್ಲಿ 13 ವರ್ಷದವಳು ಅರ್ಧ ಓದಿ ನನ್ನನ್ನು ತೋಟಕ್ಕೆ ಎಳೆದುಕೊಂಡು ಹೋದಳು. ಅಡಿಕೆ ಮರದ ಕಾಂಡಕ್ಕೆ ಅಂಟಿಕೊಂಡು, ಮರದ್ದೇ ಬಣ್ಣದಲ್ಲಿ, ಒಂದು ಗೇಣಿಗಿಂತ ಸಣ್ಣದು ಕೂತಿತ್ತು. ಗಂಟಲ ಕೆಳಗಿನ ಹಳದಿ ಚರ್ಮವನ್ನು ಒಮ್ಮೆ ಹೊರಗೆ ಚಾಚಿತು, ಒಳಗೆ ಎಳೆಯಿತು. ಮತ್ತೆ ಪಕ್ಕೆಲುಬಿನ ರೆಕ್ಕೆ ಬಿಡಿಸಿ ಮೂರು ಮರದಾಚೆಗೆ ಜಾರಿಕೊಂಡು ಹೋಯಿತು. 'ನಮ್ಮ ತೋಟದಲ್ಲೇ ಉಂಟಲ್ಲ ಇದು, ಇವರು ಅಷ್ಟು ಕಷ್ಟಪಟ್ಟು ಎಲ್ಲೆಲ್ಲಿಗೋ ಹೋದರಲ್ಲ' ಅಂದಳು. ಉಳಿದ ಅರ್ಧವನ್ನು ಅಂದೇ ರಾತ್ರಿ ಮುಗಿಸಿದಳು.

15 ದಾಟಿದವರಿಗೆ ನಿರಂಜನರ 'ಚಿರಸ್ಮರಣೆ'. ನಮ್ಮದೇ ಜಿಲ್ಲೆಯ ಕಯ್ಯೂರಿನ ರೈತ ಹೋರಾಟ, 1941ರ ಘಟನೆ, ನಾಲ್ವರನ್ನು 1943ರಲ್ಲಿ ಕಣ್ಣೂರು ಜೈಲಿನಲ್ಲಿ ಗಲ್ಲಿಗೇರಿಸಿದರು. ಇದು ಕಾದಂಬರಿ, ಆದರೆ ನಡೆದದ್ದನ್ನು ಆಧರಿಸಿದ್ದು ಅಂತ ಮೊದಲೇ ಹೇಳಿ ಕೊಡಿ. ಮಲಯಾಳದಲ್ಲೂ ಇದನ್ನು ತುಂಬಾ ಜನ ಓದಿದ್ದಾರೆ, ಮನೆಯಲ್ಲಿ ಮಲಯಾಳ ಇರುವ ಮಗು ಎರಡನ್ನೂ ಪಕ್ಕಪಕ್ಕ ಇಟ್ಟು ಓದಬಹುದು.

ಎಲ್ಲವನ್ನೂ ಒಟ್ಟಿಗೆ ತರಿಸಬೇಕಾಗಿಲ್ಲ. ಮನೆಯಲ್ಲಿ ಒಂದೇ ಮಗು, ವಯಸ್ಸು ಹತ್ತರ ಒಳಗೆ ಅಂತಾದರೆ 'ದಿನಕ್ಕೊಂದು ಕಥೆ'ಯ ಎರಡು ಭಾಗ ತೆಗೆದುಕೊಳ್ಳಿ. ಬೇರೆ ಬೇರೆ ವಯಸ್ಸಿನ ನಾಲ್ಕೈದು ಮಕ್ಕಳು ಸೇರುವ ಜಾಗ ಆದರೆ ಹೋಮ್ಸ್ ಸಣ್ಣ ಕತೆಗಳ ಒಂದು ಪುಸ್ತಕ ಸಾಕು, ಕೊಲೆ ಇರುವ ಕತೆಗಳ ಮೊದಲ ಪುಟದಲ್ಲಿ ಪೆನ್ಸಿಲಿನಿಂದ 12 ಅಂತ ಬರೆದಿಡಿ, ಮಕ್ಕಳು ಆ ಅಂಕೆಯನ್ನು ಗೌರವಿಸುತ್ತಾರೆ. ನಮ್ಮ ಹುಲಿ ಕತೆಯ ಹುಡುಗನಿಗೆ ಈ ಏಪ್ರಿಲ್‌ಗೆ 11 ಆಯಿತು, ಓದಲು ನಾನು ಹಾಕಿದ 12ಕ್ಕೆ ಇನ್ನೂ ಒಂದು ವರ್ಷ ಇದ್ದರೂ 'ಕಾಡಿನ ಕತೆಗಳು' ಮೊದಲ ಭಾಗ ಈಗ ಅವನ ಹತ್ತಿರ ಉಂಟು.