ಕಡಿತವಾದ ಸಂಬಳ ವಾಪಸ್: ನಿಗದಿತ ಮೊತ್ತವೋ, ಶೇಕಡಾವಾರೋ?

ಐರ್ಲೆಂಡಿನಲ್ಲಿ 2010ರ ಜನವರಿಯಿಂದ ಸರ್ಕಾರಿ ನೌಕರರ ಸಂಬಳಕ್ಕೆ ಕತ್ತರಿ ಬಿತ್ತು: ಮೊದಲ 30,000 ಯೂರೋಗೆ ಶೇ 5, ನಂತರದ 40,000ಕ್ಕೆ ಶೇ 7.5. ವರ್ಷಕ್ಕೆ 30,000 ಇದ್ದವರು 1,500 ಕಳೆದುಕೊಂಡರು; 60,000 ಇದ್ದವರು 3,750.

2017ರ ಏಪ್ರಿಲ್‌ನಲ್ಲಿ 65,000 ವರೆಗಿನವರಿಗೆ ಒಂದೇ ಸಮನೆ 1,000 ಯೂರೋ ಏರಿಸಿದರು. ಆ ಕಡಿತದಲ್ಲಿ ಮೊದಲಿನವರಿಗೆ ಮೂರರಲ್ಲಿ ಎರಡು ಪಾಲು ತುಂಬಿತು, ಎರಡನೆಯವರಿಗೆ ಕಾಲು ಪಾಲು ಚಿಲ್ಲರೆ. 2018ರ ಜನವರಿಯಲ್ಲಿ ಬಂದದ್ದು ಶೇ 1. ಅಲ್ಲಿ ದೊಡ್ಡ ಸಂಬಳಕ್ಕೆ ಹೆಚ್ಚುಕಮ್ಮಿ ಎರಡರಷ್ಟು ಹಣ.

ಕಡಿತ ವಾಪಸ್ ಕೊಡುವ ಒಪ್ಪಂದದ ಬಗ್ಗೆ ನೌಕರರ ಸಂಘ ಮತ ಕೇಳಿದರೆ, ಕಡಿಮೆ ಸಂಬಳದವರು ನಿಗದಿತ ಮೊತ್ತಕ್ಕೇ ಮತ ಹಾಕಬೇಕು, ಅದೇ ನ್ಯಾಯ. ಆದರೆ ಅದು ಮೂಲವೇತನಕ್ಕೆ ಸೇರುತ್ತದೆಯೇ ಎಂದು ಒಪ್ಪಂದದಲ್ಲಿ ಓದಿ ನೋಡಿ. ಭತ್ಯೆಯಾಗಿ ಬಂದರೆ ಪಿಂಚಣಿ ಲೆಕ್ಕದಿಂದ ಜಾರಿಹೋಗಬಹುದು. ಶೇಕಡಾವಾರು ಒಪ್ಪುವವರು ಎಚ್ಚರ: ಶೇ 10 ಕತ್ತರಿಸಿ ಶೇ 10 ಏರಿಸಿದರೆ 100 ಇದ್ದದ್ದು 99ಕ್ಕೇ ನಿಲ್ಲುತ್ತದೆ. ಸರಿಹೋಗಲು ಶೇ 11.11 ಬೇಕು.