ಓಲ್ಡ್ ಕೋರ್ಸಾ, ನಾರ್ತ್ ಬೆರಿಕ್ಕಾ? ಎರಡೂ ಕಡೆ ಆಡಿದ್ಮೇಲೆ ಹೇಳ್ತಿರೋದು

ಬೆಂಗ್ಳೂರಿಂದ ಸ್ಕಾಟ್ಲೆಂಡ್‌ಗೆ ಬರೋ ಗಾಲ್ಫ್ ಹುಚ್ಚಿನ ಗೆಳೆಯರು, ನೆಂಟರು ಎಲ್ರೂ ನನ್ನನ್ನ ಕೇಳೋದು ಒಂದೇ, "ಒಂದೇ ದಿನ ಇದೆ, ಎಲ್ಲಿ ಆಡ್ಲಿ?" ಕೇಳೋ ಹೊತ್ತಿಗೆ ಮನಸ್ಸಲ್ಲಿ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಅಂತ ಅರ್ಧ ತೀರ್ಮಾನ ಆಗೇ ಇರುತ್ತೆ. ನಾನು ಎಡಿನ್‌ಬರಾದಲ್ಲಿ ಕೆಲ್ಸಕ್ಕಿರೋದ್ರಿಂದ ಓಲ್ಡ್ ಕೋರ್ಸ್ ಮೂರು ಸಲ, ಸಮುದ್ರದ ಪಕ್ಕದ ಊರು ನಾರ್ತ್ ಬೆರಿಕ್‌ನ ಕೋರ್ಸ್ ವೆಸ್ಟ್ ಲಿಂಕ್ಸ್ ಐದು ಸಲ ಆಡಿದ್ದೀನಿ. ನನ್ನ ಹ್ಯಾಂಡಿಕ್ಯಾಪ್ 19 (ಈ ಅಂಕಿ ಕಮ್ಮಿ ಇದ್ದಷ್ಟೂ ಒಳ್ಳೇ ಆಟಗಾರ ಅಂತ), ಡ್ರೈವ್, ಅಂದ್ರೆ ಮೊದಲ ಉದ್ದ ಹೊಡೆತ, ಚೆನ್ನಾಗಿ ಕೂತ್ರೆ 200 ಗಜ ಹೋಗುತ್ತೆ. ಹೋದ ಜೂನಲ್ಲಿ ನಮ್ಮ ಭಾವ ಬಂದಿದ್ರು, ಅವ್ರದ್ದು 8 ಹ್ಯಾಂಡಿಕ್ಯಾಪ್, 250 ಗಜ ಆರಾಮಾಗಿ ಹೊಡೀತಾರೆ, ಒಂದೇ ವಾರದಲ್ಲಿ ಎರಡೂ ಕೋರ್ಸ್ ಜೊತೆಗೆ ಆಡಿದ್ವಿ. ಉದ್ದ ಹೊಡೆಯೋರು, ಕಮ್ಮಿ ಹೊಡೆಯೋರು ಇಬ್ರಿಗೂ ಇವು ಹೇಗನ್ಸುತ್ತೆ ಅಂತ ಅದ್ರಿಂದ ನನಗೆ ಗೊತ್ತಾಯ್ತು.

ಮೊದ್ಲು ಒಂದು ಮಾತು. ನಾವು ಊರಲ್ಲಿ ಕಲಿತ ಆಟದಲ್ಲಿ ಎರಡೂ ಕಡೆ ಮರ, ಮಧ್ಯೆ ಹುಲ್ಲಿನ ದಾರಿ, ನೇರ ಹೊಡೆದ್ರೆ ಸರಿ, ಸೊಟ್ಟ ಹೋದ್ರೆ ದಂಡ. ಈ ಎರಡು ಕೋರ್ಸ್ ಹಾಗಲ್ಲ. ಇಲ್ಲಿ ಜಾಗ ಬೇಕಾದಷ್ಟಿದೆ, ಎಲ್ಲಿ ಬೇಕಾದ್ರೂ ಹೊಡಿ, ಆದ್ರೆ ನೀನು ಈಗ ಆರಿಸ್ಕೊಂಡ ಜಾಗದ ಲೆಕ್ಕ ಮುಂದಿನ ಹೊಡೆತದಲ್ಲಿ ಚುಕ್ತಾ ಆಗುತ್ತೆ ಅನ್ನೋ ಥರ. ಕಷ್ಟದ ಕಡೆ ಧೈರ್ಯ ಮಾಡಿದವ್ನಿಗೆ ಗ್ರೀನ್‌ಗೆ (ಬಾವುಟ, ಕುಳಿ ಇರೋ ನುಣುಪು ಹುಲ್ಲಿನ ಜಾಗ) ದಾರಿ ತೆರೆದಿರುತ್ತೆ, ಸುಲಭದ ಕಡೆ ಹೋದವ್ನಿಗೆ ಬಂಕರ್, ಅಂದ್ರೆ ಮರಳಿನ ಗುಂಡಿ, ಅಡ್ಡ ಬಂದಿರುತ್ತೆ. ಈ ವಿಷಯದಲ್ಲಿ ಎರಡೂ ಒಂದೇ ಜಾತಿ. ಧೈರ್ಯನಾ, ಸುಲಭನಾ ಅನ್ನೋ ಆ ಪ್ರಶ್ನೆನ ಕೇಳೋ ರೀತಿ ಮಾತ್ರ ಪೂರ್ತಿ ಬೇರೆ.

ಓಲ್ಡ್ ಕೋರ್ಸ್‌ನ ಯಾರೋ ಒಬ್ರು ಕೂತು ಡಿಸೈನ್ ಮಾಡಿದ್ದಲ್ಲ. ಅದು ನಮ್ಮ ಕಡೆ ಗೋಮಾಳ ಇದ್ದ ಹಾಗೆ ಊರಿನ ಜಾಗ, ಸಮುದ್ರದ ಪಕ್ಕದ ಮರಳು ಹುಲ್ಲುಗಾವಲು. 1552ರಲ್ಲೇ ಅಲ್ಲಿನ ಆರ್ಚ್‌ಬಿಷಪ್ ಹ್ಯಾಮಿಲ್ಟನ್ ಬರೆದುಕೊಟ್ಟ ಪತ್ರದಲ್ಲಿ ಊರ ಜನ ಅಲ್ಲಿ ಗಾಲ್ಫ್ ಆಡ್ಬಹುದು ಅನ್ನೋ ಹಕ್ಕಿದೆ. ಇವತ್ತಿಗೂ ಭಾನುವಾರ ಸಾಮಾನ್ಯವಾಗಿ ಆಟ ಇಲ್ಲ, ಜನ ನಾಯಿ ಕರ್ಕೊಂಡು, ಮಕ್ಕಳನ್ನ ಕರ್ಕೊಂಡು ಫೇರ್‌ವೇ (ಆಡೋ ಹುಲ್ಲಿನ ದಾರಿ) ಮೇಲೆ ಓಡಾಡ್ತಾರೆ. ನಾನು ಮೊದ್ಲು ಅದನ್ನ ನೋಡಿದ್ದೇ ಒಂದು ಭಾನುವಾರ, ಇಷ್ಟು ದೊಡ್ಡ ಹೆಸರಿನ ಕೋರ್ಸ್‌ನ 18ನೇ ಗ್ರೀನ್ ಪಕ್ಕ ಅಜ್ಜಿಯೊಬ್ರು ಮೊಮ್ಮಗನ ಕೈ ಹಿಡ್ಕೊಂಡು ನಡೀತಿದ್ದಿದ್ದು ನೋಡಿ ಮನಸ್ಸು ತುಂಬಿ ಬಂತು, ನಿಜ ಹೇಳ್ತೀನಿ.

ಆದ್ರೆ ಮೊದಲ ಸಲ ಆಡಿದಾಗ ನನಗೆ ಏನೂ ದಕ್ಕಲಿಲ್ಲ. 1 ಮತ್ತು 18ನೇ ಹೋಲ್‌ಗೆ ಸೇರಿ ಒಂದೇ ಅಗಾಧ ಬಯಲು, ಬಂಕರ್ ಒಂದೂ ಇಲ್ಲ, ಆಮೇಲೆ ಎಲ್ಲಿ ನೋಡಿದ್ರೂ ಉಬ್ಬು ತಗ್ಗಿನ ನೆಲ, ಗುರಿ ಇಡೋಕೆ ಒಂದು ಗಿಡ ಇಲ್ಲ. ಬಲಗಡೆ ಗಾರ್ಸ್ ಮುಳ್ಳುಪೊದೆ ಇದೆ ಅಂತ ಇಡೀ ದಿನ ಎಡಗಡೆನೇ ಹೊಡೆದೆ. 12ನೇ ಹೋಲಲ್ಲಿ ಟೀ, ಅಂದ್ರೆ ಮೊದಲ ಹೊಡೆತ ಹೊಡೆಯೋ ಜಾಗ, ಅದ್ರ ಮೇಲಿಂದ ನೋಡಿದ್ರೆ ಮುಂದೆ ಎಲ್ಲ ಖಾಲಿ, ಆ ದಿನದ ನನ್ನ ಬೆಸ್ಟ್ ಡ್ರೈವ್ ಹೊಡೆದೆ, ನಡ್ಕೊಂಡು ಹೋಗಿ ನೋಡಿದ್ರೆ ಬಾಲ್ ಆಳದ ಬಂಕರಲ್ಲಿ. ಟೀಯಿಂದ ಅವು ಕಾಣೋದೇ ಇಲ್ಲ. ಹಿಂದಿನ ಕಾಲದಲ್ಲಿ ಈ ಕೋರ್ಸನ್ನ ಉಲ್ಟಾ ದಿಕ್ಕಲ್ಲೂ ಆಡ್ತಿದ್ರು, ಆ ಕಡೆಯಿಂದ ಬಂದ್ರೆ ಬಂಕರ್ ಬಾಯಿ ತೆರ್ಕೊಂಡು ಎದುರಿಗೇ ಕಾಣುತ್ತೆ, ಈ ಕಡೆಯಿಂದ ಬೆನ್ನು ಮಾತ್ರ. ಒಟ್ಟು ನೂರಕ್ಕಿಂತ ಹೆಚ್ಚು ಬಂಕರ್ ಇವೆ, ಇಲ್ಲೇ ನಡೆದ 2000ದ ಓಪನ್ ಚಾಂಪಿಯನ್‌ಶಿಪ್‌ನಲ್ಲಿ ಟೈಗರ್ ವುಡ್ಸ್ ನಾಲ್ಕು ದಿನ ಒಂದಕ್ಕೂ ಬೀಳದೆ ಗೆದ್ದಿದ್ದು ಎಂಥಾ ಸಾಧನೆ ಅಂತ ಆ ಮರಳಲ್ಲಿ ನಿಂತಾಗ ಅರ್ಥ ಆಯ್ತು.

ಎರಡನೇ ಸಲ ಕ್ಯಾಡಿ, ಅಂದ್ರೆ ಬ್ಯಾಗ್ ಹೊತ್ತು ಎಲ್ಲಿ ಹೊಡೀಬೇಕು ಅಂತ ಹೇಳೋವ್ರನ್ನ, ತಗೊಂಡೆ, ಅಲ್ಲಿಂದ ಕೋರ್ಸೇ ಬೇರೆ ಆಯ್ತು. ವಯಸ್ಸಾದವ್ರು, ಹೆಚ್ಚು ಮಾತಿಲ್ಲ. 16ನೇ ಹೋಲಲ್ಲಿ ಮಾತ್ರ ನನ್ನನ್ನ ನಿಲ್ಲಿಸಿ, ಹೊಡೆಯೋಕೆ ಮುಂಚೆ ಬಾವುಟ ಎಲ್ಲಿದೆ ನೋಡು ಅಂದ್ರು. ಫೇರ್‌ವೇ ನಡುವೆ ಪ್ರಿನ್ಸಿಪಾಲ್ಸ್ ನೋಸ್ ಅಂತ ಮೂರು ಬಂಕರ್ ಗುಂಪಿದೆ, ಹಿಂದೆನೇ ಡೀಕನ್ ಸೈಮ್ ಅಂತ ಇನ್ನೊಂದು. ಬಲಕ್ಕೆ ಹಳೇ ರೈಲ್ವೆ ಲೈನಿನ ಬೇಲಿ, ಅದು ದಾಟಿದ್ರೆ ಔಟ್, ದಂಡ. ಬಂಕರ್‌ಗೂ ಬೇಲಿಗೂ ಮಧ್ಯೆ ಸಣ್ಣ ದಾರಿ. ಎಡಗಡೆ ಊರಗಲ ಜಾಗ. ಎಡಕ್ಕೆ ಹೊಡೆದ್ರೆ ಏನೂ ಆಗಲ್ಲ, ನಗ್ತಾ ನಡ್ಕೊಂಡು ಹೋಗ್ಬಹುದು, ಆದ್ರೆ ಬಾಲ್ ಹತ್ರ ನಿಂತ್ಕೊಂಡಾಗ ಗೊತ್ತಾಗುತ್ತೆ, ಗ್ರೀನ್‌ನ ಎಡ ಮೂಲೆಯಲ್ಲಿರೋ ವಿಗ್ ಬಂಕರ್ ಸರಿಯಾಗಿ ನಿನಗೂ ಬಾವುಟಕ್ಕೂ ಮಧ್ಯೆ ಕೂತಿದೆ. ಬಲಗಡೆ ಸಣ್ಣ ದಾರಿಲಿ ಹೋದವ್ನಿಗೆ ಅದೇ ಗ್ರೀನ್ ಬಾಗಿಲು ತೆಗೆದಿಟ್ಟ ಮನೆ ಥರ. ಇದು ಒಂದು ಹೋಲ್ ಕಥೆ ಅಲ್ಲ, ಹಿಂದೆ ತಿರುಗಿ ನೋಡಿದ್ರೆ ನಾನು ಮೊದಲ ದಿನ ಎಡಗಡೆ ಆಡಿದ ಅಷ್ಟೂ ಹೋಲಲ್ಲಿ ಇದೇ ಆಗಿತ್ತು, ಸ್ಕೋರ್ ಯಾಕೆ ಏರ್ತಿತ್ತು ಅಂತ ಆಗ ಹೊಳೀಲೇ ಇಲ್ಲ. ಆಮೇಲೆ ಕೋರ್ಸ್ ಡಿಸೈನರ್ ಅಲಿಸ್ಟರ್ ಮೆಕೆಂಜಿ ಸರ್ವೆ ಮಾಡಿ 1924ರಲ್ಲಿ ತಂದ ನಕ್ಷೆಯ ಪ್ರಿಂಟ್ ತಂದು ಮನೇಲಿ ಗೋಡೆಗೆ ಹಾಕ್ಕೊಂಡಿದ್ದೀನಿ, ಪ್ರತಿ ಬಂಕರ್ ಯಾವ ದಾರಿಗೆ ಕಾವಲು ಅಂತ ಬೆರಳಿಟ್ಟು ನೋಡ್ಬಹುದು.

17ನೇ ರೋಡ್ ಹೋಲ್ ಬಗ್ಗೆ ಗಾಲ್ಫ್ ಆಡೋರಿಗೆಲ್ಲ ಗೊತ್ತು, ಹೋಟೆಲ್ ಪಕ್ಕದ ಶೆಡ್ ಮೇಲಿಂದ ಕಣ್ಣು ಮುಚ್ಚಿ ಹೊಡೆದ ಹಾಗೆ ಡ್ರೈವ್ ಹೊಡೀಬೇಕು. ನಮ್ಮಂಥ ಕಮ್ಮಿ ಹೊಡೆಯೋರಿಗೆ ಒಂದು ಮಾತು, ಅಲ್ಲಿ ಪಾರ್ (ಹೋಲ್‌ಗೆ ನಿಗದಿ ಮಾಡಿದ ಹೊಡೆತ) ಆಸೆ ಬಿಡಿ, ಗ್ರೀನ್‌ನ ಮುಂದಿನ ಬಲ ಮೂಲೆಗೆ ಮೂರು ಹೊಡೆತದಲ್ಲಿ ಬಂದು ಅಲ್ಲಿಂದ ಪಟ್ಟರಲ್ಲೇ, ಅಂದ್ರೆ ಬಾಲ್ ಉರುಳಿಸೋ ಕೋಲಲ್ಲೇ, ಉರುಳಿಸಿ. ಎರಡು ಸಲ ಬೋಗಿ, ಅಂದ್ರೆ ಪಾರ್‌ಗಿಂತ ಒಂದು ಹೊಡೆತ ಜಾಸ್ತಿ, ಮಾಡಿದ್ದೀನಿ. ಬಾವುಟಕ್ಕೆ ನೇರ ಹೋದ ಒಂದು ಸಲ ಆ ರೋಡ್ ಬಂಕರ್ ಒಳಗೆ ಮೂರು ಹೊಡೆತ ಕಳ್ಕೊಂಡೆ, ಎದುರಿಗೆ ನನ್ನ ಎದೆ ಎತ್ತರಕ್ಕೆ ಹುಲ್ಲಿನ ಗೋಡೆ, ಹೆಂಟೆ ಮೇಲೆ ಹೆಂಟೆ ಜೋಡಿಸಿದ ಹಾಗೆ.

ಅಮೆರಿಕದ ಹೆಸರಾಂತ ಗಾಲ್ಫರ್ ಬಾಬಿ ಜೋನ್ಸ್ ಕೂಡ 1921ರ ಓಪನ್‌ನಲ್ಲಿ 11ನೇ ಹೋಲಿನ ಬಂಕರಲ್ಲಿ ಸಿಕ್ಕಿ ಆ ಹೋಲ್ ಮುಗಿಸದೆ ಸ್ಪರ್ಧೆಯಿಂದ ಹೊರಬಿದ್ರು. ಅದೇ ಮನುಷ್ಯ 1927ರಲ್ಲಿ ಅಲ್ಲೇ ಓಪನ್ ಗೆದ್ರು, 1930ರಲ್ಲಿ ಅಲ್ಲೇ ಬ್ರಿಟಿಷ್ ಅಮೆಚೂರ್ ಚಾಂಪಿಯನ್‌ಶಿಪ್ ಗೆದ್ರು, 1958ರಲ್ಲಿ ಊರಿನವ್ರು ಅವ್ರನ್ನ ಕರೆದು ಗೌರವ ಪೌರತ್ವ ಕೊಟ್ರು. ಮೊದಲ ಭೇಟಿಗೇ ಆ ನೆಲ ಯಾರಿಗೂ ಒಲಿಯಲ್ಲ.

ಈಗ ನಾರ್ತ್ ಬೆರಿಕ್. ಎಡಿನ್‌ಬರಾ ವೇವರ್ಲಿ ಸ್ಟೇಷನ್‌ನಿಂದ ರೈಲಲ್ಲಿ ಅರ್ಧ ಗಂಟೆ ಚಿಲ್ಲರೆ, ಇಳಿದು ಬ್ಯಾಗ್ ಹೆಗಲಿಗೆ ಹಾಕಿ ನಡೆದ್ರೆ ಕೋರ್ಸ್. ಸೇಂಟ್ ಆಂಡ್ರೂಸ್‌ಗೆ ರೈಲೇ ಇಲ್ಲ, ಲೂಕರ್ಸ್‌ನಲ್ಲಿಳಿದು ಬಸ್ ಹಿಡೀಬೇಕು. ಮೊದಲ ಹೋಲಿಂದಲೇ ಸಮುದ್ರ ಪಕ್ಕದಲ್ಲಿ, ಬಾಸ್ ರಾಕ್ ಬಂಡೆ ಹಕ್ಕಿಗಳಿಂದ ಬೆಳ್ಳಗೆ ಕಾಣುತ್ತೆ. ಇಲ್ಲಿ ಪ್ರಶ್ನೆ ಬಚ್ಚಿಟ್ಟಿಲ್ಲ. 3ನೇ ಹೋಲಲ್ಲಿ ಫೇರ್‌ವೇಗೆ ಅಡ್ಡಲಾಗಿ ಕಲ್ಲುಗೋಡೆ, 13ನೇ ಪಿಟ್ ಹೋಲಲ್ಲಂತೂ ಗ್ರೀನ್ ಮುಂದೆನೇ ಗೋಡೆ, ಹೊಲದ ಬದುವಿಗೆ ಕಟ್ತಾರಲ್ಲ ಅಂಥದ್ದು, ಅದನ್ನ ಯಾರೂ ಕೀಳಲಿಲ್ಲ, ಆಟದೊಳಗೇ ಸೇರಿಸ್ಕೊಂಡ್ರು. ಬಾಲ್ ಎತ್ತಿ ದಾಟಿಸ್ತೀಯೋ, ಗೋಡೆ ಈಚೆಗೇ ನಿಲ್ಲಿಸಿ ಆಮೇಲೆ ಸಣ್ಣದಾಗಿ ಎತ್ತಿ ಹಾಕ್ತೀಯೋ, ಎಂಟು ವರ್ಷದ ಮಗುಗೂ ಅರ್ಥ ಆಗೋ ಪ್ರಶ್ನೆ.

15ನೇ ಹೋಲ್ ರೆಡಾನ್. ಇದಕ್ಕೋಸ್ಕರನೇ ಅಲ್ಲಿಗೆ ಹೋಗ್ಬಹುದು. ಕ್ರಿಮಿಯಾ ಯುದ್ಧದಲ್ಲಿ ಸೆವಾಸ್ತೊಪೋಲ್‌ನಲ್ಲಿದ್ದ ಕೋಟೆಯ ಹೆಸರು. ಪಾರ್ 3, 190 ಗಜದ ಸುತ್ತಮುತ್ತ. ಗ್ರೀನ್ ಮುಂದಿನ ಬಲದಿಂದ ಹಿಂದಿನ ಎಡಕ್ಕೆ ಜಾರುತ್ತೆ, ಎಡಗಡೆ ಆಳದ ಬಂಕರ್, ಮಧ್ಯೆ ದಿಬ್ಬ ಇರೋದ್ರಿಂದ ಟೀಯಿಂದ ಗ್ರೀನ್ ನೆಲ ಕಾಣಲ್ಲ. ಭಾವ 5 ಐರನ್ ಕ್ಲಬ್ ತಗೊಂಡು ಬಾವುಟದ ಮೇಲೇ ಎತ್ತರಕ್ಕೆ ಹೊಡೆದ್ರು, ನೋಡೋಕೆ ಚಂದದ ಹೊಡೆತ, ಗಟ್ಟಿ ನೆಲದ ಮೇಲೆ ಬಿದ್ದು ಪುಟಿದು ಹಿಂದೆ ಹೋಗ್ಬಿಡ್ತು. ನಾನು 5 ವುಡ್‌ನಲ್ಲಿ ಬಾವುಟ ಬಿಟ್ಟು ಬಲಗಡೆ ದಿಬ್ಬಕ್ಕೆ ಕೆಳಮಟ್ಟದಲ್ಲಿ ಹೊಡೆದೆ. ಬಾಲ್ ದಿಬ್ಬದ ಹಿಂದೆ ಮಾಯ. ಹೋಗಿ ನೋಡಿದ್ರೆ ಇಳಿಜಾರು ಅದನ್ನ ತಾನೇ ಎಡಕ್ಕೆ ತಿರುಗಿಸ್ಕೊಂಡು ಹೋಗಿ ಬಾವುಟದಿಂದ ಎರಡು ಮಾರು ದೂರದಲ್ಲಿ ಬಿಟ್ಟಿತ್ತು. ಭಾವ ನಿಂತು ಇಳಿಜಾರನ್ನೇ ನೋಡ್ತಾ, "ಅಲ್ವೋ, ನೀನು ಬಾವುಟದ ಕಡೆ ಹೊಡೀಲೇ ಇಲ್ಲ, ಬಾಲ್ ಅಲ್ಲಿಗೇ ಬಂತಲ್ಲೋ" ಅಂದ್ರು. ಆಯಸ್ಸಲ್ಲಿ ಮರೆಯಲ್ಲ ನಾನು. ಇದನ್ನೇ ಕೋರ್ಸ್ ಡಿಸೈನರ್ ಸಿ.ಬಿ. ಮ್ಯಾಕ್ಡೊನಾಲ್ಡ್ ಅಮೆರಿಕಕ್ಕೆ ಒಯ್ದು ನ್ಯಾಷನಲ್ ಗಾಲ್ಫ್ ಲಿಂಕ್ಸ್‌ನ 4ನೇ ಹೋಲ್ ಮಾಡಿದ್ದು, ಈಗ ಪ್ರಪಂಚದಲ್ಲಿ ಎಷ್ಟೋ ಕಡೆ ಇದರ ಮಕ್ಕಳು ಮೊಮ್ಮಕ್ಕಳಿವೆ.

ಮುಂದಿನ 16ರ ಗ್ರೀನ್ ನಡುವೆ ಕಾಲುವೆ ಥರ ಆಳದ ತಗ್ಗು, ಬಾವುಟ ಒಂದು ದಿಬ್ಬದ ಮೇಲೆ, ನಿನ್ನ ಬಾಲ್ ಇನ್ನೊಂದರ ಮೇಲೆ ಇದ್ರೆ ಪಟ್ ಹೊಡೆಯೋದು ಹೇಗೆ ಅಂತ ಐದು ನಿಮಿಷ ಯೋಚ್ನೆ.

ಕೊರತೆ ಹೇಳ್ಬೇಕಂದ್ರೆ, ನಾರ್ತ್ ಬೆರಿಕ್‌ನ 5ರಿಂದ 12ರವರೆಗಿನ ಹೋಲ್‌ಗಳು ನನಗೆ ಅಷ್ಟು ನೆನಪಲ್ಲಿ ಉಳಿದಿಲ್ಲ. ಓಲ್ಡ್ ಕೋರ್ಸಲ್ಲಿ 8, 9, 10 ಸ್ವಲ್ಪ ಸಪ್ಪೆ, ಅಷ್ಟೇ. ಗ್ರೀನ್ ವಿಷಯದಲ್ಲಿ ಓಲ್ಡ್ ಕೋರ್ಸ್‌ಗೆ ಸಾಟಿ ಇಲ್ಲ, 14 ಹೋಲ್‌ಗಳು ಎರಡೆರಡಾಗಿ 7 ಗ್ರೀನ್ ಹಂಚ್ಕೊಂಡಿವೆ, 2 ಮತ್ತು 16, 5 ಮತ್ತು 13, ಕೂಡಿದ್ರೆ ಯಾವಾಗ್ಲೂ 18. ಅಲ್ಲಿ ಗ್ರೀನ್ ಮುಟ್ಟಿದ್ದೀನಿ ಅಂತ ಖುಷಿ ಪಟ್ಟು 40 ಗಜದ ಪಟ್ ಹೊಡೆದಿದ್ದೀನಿ.

ದುಡ್ಡು ಎರಡೂ ಕಡೆ ಕಮ್ಮಿ ಏನಲ್ಲ, ಸೀಸನ್‌ನಲ್ಲಿ ಓಲ್ಡ್ ಕೋರ್ಸ್ 300 ಪೌಂಡ್ ದಾಟುತ್ತೆ, ಕ್ಯಾಡಿ ಬೇರೆ. ಟೈಮ್ ಸಿಗೋದೂ ಅದೃಷ್ಟದ ಮೇಲೆ, ಆಡೋ ದಿನಕ್ಕೆ ಎರಡು ದಿನ ಮುಂಚೆ ಕನಿಷ್ಠ ಇಬ್ರ ಹೆಸರು ಬ್ಯಾಲೆಟ್‌ಗೆ ಹಾಕಿ ಲಾಟರಿ ಎತ್ತೋವರೆಗೂ ಕಾಯ್ಬೇಕು. ಭಾವ ಬಂದಾಗ ಮೂರನೇ ಪ್ರಯತ್ನಕ್ಕೆ ಸಿಕ್ತು. ನಾರ್ತ್ ಬೆರಿಕ್‌ನಲ್ಲಿ ಮುಂಚೆನೇ ಬುಕ್ ಮಾಡ್ಬಹುದು.

ಹಾಗಾಗಿ ಒಂದೇ ದಿನ, ಒಂದೇ ಸುತ್ತು ಇರೋರಿಗೆ ನಾನು ನಾರ್ತ್ ಬೆರಿಕ್ ಅಂತೀನಿ, ಬೇಜಾರು ಮಾಡ್ಕೋಬೇಡಿ. ಅದು ಮೊದಲ ದಿನವೇ ತನ್ನ ಹತ್ರ ಇರೋದನ್ನೆಲ್ಲ ಎದುರಿಗೆ ಇಟ್ಬಿಡುತ್ತೆ, ಕಮ್ಮಿ ಹೊಡೆಯೋರ್ನ ಕೈಬಿಡಲ್ಲ. ಎರಡು ಸುತ್ತು ಆಡೋ ಅವಕಾಶ ಇದ್ರೆ, ಅಥವಾ ಇನ್ನೊಂದು ಸಲ ಬರ್ತೀರಾ ಅಂತಿದ್ರೆ, ಓಲ್ಡ್ ಕೋರ್ಸ್, ಅದೂ ಕ್ಯಾಡಿ ಜೊತೆ, ಮುಂಚಿನ ದಿನ ಭಾನುವಾರ ಆದ್ರೆ ಇನ್ನೂ ಒಳ್ಳೇದು, ಬ್ಯಾಗ್ ಇಲ್ದೆ ಇಡೀ ಕೋರ್ಸ್ ನಡೆದು ಗ್ರೀನ್ ಕಡೆಯಿಂದ ಹಿಂದೆ ತಿರುಗಿ ಬಂಕರ್ ಎಲ್ಲಿವೆ ನೋಡ್ಕೊಂಡು ಬನ್ನಿ. ನನ್ನ ಮಟ್ಟಿಗೆ ಓಲ್ಡ್ ಕೋರ್ಸೇ ದೊಡ್ಡದು, ಮೂರನೇ ಸಲ ಆಡಿದಾಗ ಅನ್ಸಿದ್ದು ಅದು, ಮೊದಲನೇ ಸಲ ಕೇಳಿದ್ರೆ ಖಂಡಿತ ಬೇರೆ ಹೇಳ್ತಿದ್ದೆ.

ಭಾವ ಓಲ್ಡ್ ಕೋರ್ಸ್‌ನ 16ನೇ ಹೋಲಲ್ಲಿ ನೋಸ್ ಬಂಕರ್‌ಗಳನ್ನ ದಾಟಿಸ್ತೀನಿ ಅಂತ ಹೊಡೆದು ಡೀಕನ್ ಸೈಮ್‌ನಲ್ಲಿ ಬಿದ್ದಿದ್ರು. ಮುಂದಿನ ಮೇನಲ್ಲಿ ಮತ್ತೆ ಬರ್ತಿದ್ದಾರೆ, ಟಿಕೆಟ್ ಇನ್ನೂ ತಗೊಂಡಿಲ್ಲ, ಆದ್ರೆ ಆ ಹೋಲಲ್ಲಿ 3 ವುಡ್ ತಗೊಂಡು ಬೇಲಿ ಪಕ್ಕದ ದಾರಿಗೇ ಹೊಡೀತೀನಿ ಅಂತ ಈಗ್ಲೇ ಮೆಸೇಜ್ ಹಾಕಿದ್ದಾರೆ.