ಭಾಗವತರೇ, ಹಾಡುಗಾರರೇ, ಈ ‘ಸ್ವರ ಮಾತ್ರೆ’ ದಯವಿಟ್ಟು ತಗೊಳ್ಳಬೇಡಿ

ಗಂಟಲನ್ನೇ ನಂಬಿ ಬದುಕುವವರೆಲ್ಲ ಇದನ್ನು ಓದಿ. ಯಕ್ಷಗಾನದಲ್ಲಿ ಪದ್ಯ ಹಾಡುವ ಭಾಗವತರು, ಹರಿಕಥೆಯವರು, ಟೀಚರ್‌ಗಳು, ಎಲ್ಲರೂ. ವಾಟ್ಸಾಪ್‌ನಲ್ಲಿ ಒಬ್ಬರು ‘ಆಯುರ್ವೇದದ ಸ್ವರ ಮಾತ್ರೆ’ ಅಂತ ಮಾರುತ್ತಿದ್ದಾರೆ. ಹಸಿರು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ. ಜ್ಯೇಷ್ಠಮಧು, ಹಿಪ್ಪಲಿ, ತುಳಸಿ ಬಿಟ್ಟರೆ ಬೇರೇನೂ ಇಲ್ಲ ಅನ್ನುತ್ತಾರೆ. ಸುಳ್ಳು. ಶುದ್ಧ ಸುಳ್ಳು.

ಯಕ್ಷಗಾನ ಆಟದ ಸೀಸನ್‌ನಲ್ಲಿ ಗಂಟಲು ಕಟ್ಟುವುದು ನಮ್ಮಂಥ ಭಾಗವತರಿಗೇನೂ ಹೊಸದಲ್ಲ. ಮಂಜು, ನಿದ್ದೆಗೇಡು, ಏರು ಶ್ರುತಿ. ಲವಂಗ, ಕಲ್ಲುಸಕ್ಕರೆ, ಒಳ್ಳೆಮೆಣಸು ಬಾಯಲ್ಲಿಟ್ಟುಕೊಂಡು ಸುಧಾರಿಸುತ್ತೇವೆ. ಈ ಮಾತ್ರೆ ಬಾಯಿಗೆ ಹಾಕಿದ ಕೂಡಲೇ ತಣ್ಣಗೆ, ಹಾಯಾಗಿ ಅನಿಸಿತು. ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಒಂದು, ರಂಗಸ್ಥಳಕ್ಕೆ ಹೋಗುವ ಮೊದಲು ಇನ್ನೊಂದು. ನೋವು ಮಾಯ! ನೋವಿಲ್ಲದ ಮೇಲೆ ಗಂಟಲು ಬಿಚ್ಚಿಯೇ ಹಾಡಿದೆ. ಯುದ್ಧದ ಪದ್ಯ, ಚೆಂಡೆ ಏರಿದೆ, ವೇಷ ಕುಣಿಯುತ್ತಿದೆ. ಮೇಲಿನ ಷಡ್ಜಕ್ಕೆ ಹೋದರೆ ಸ್ವರವೇ ಇಲ್ಲ. ಬರೀ ಗಾಳಿ. ಮದ್ದಳೆಯವರು ತಿರುಗಿ ನೋಡಿದರು. ಇನ್ನೊಬ್ಬ ಭಾಗವತರು ಓಡಿಬಂದು ಜಾಗಟೆ ತಗೊಂಡು ಪದ್ಯ ಮುಂದುವರಿಸಿದರು. ಆಟ ಆಡಿಸಿದ ಮನೆಯವರು ಮುಂದಿನ ಸಾಲಿನಲ್ಲೇ ಕೂತಿದ್ದರು. ಆ ಮುಖಗಳನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಇಎನ್‌ಟಿ ಡಾಕ್ಟರ್ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಸ್ವರತಂತು ಕೆಂಪಾಗಿ ಊದಿಕೊಂಡಿದೆ. ‘ಏನು ತಗೊಂಡಿದ್ರಿ?’ ಅಂದರು. ಡಬ್ಬಿ ಕೊಟ್ಟೆ. ಬೆವರು ತಾಗಿ ಅದರ ಚೀಟಿಯ ಒಂದು ಮೂಲೆ ಎದ್ದಿತ್ತು. ಅವರು ಉಗುರು ಹಾಕಿ ಎಳೆದರು. ಅಡಿಯಲ್ಲಿ ಇನ್ನೊಂದು ಚೀಟಿ! ಸಕ್ಕರೆ, ಗ್ಲೂಕೋಸ್ ಸಿರಪ್, ಮೆಂಥಾಲ್, ಬಣ್ಣ, ಬೆಂಜೊಕೈನ್. ಜ್ಯೇಷ್ಠಮಧು ಹೆಸರಿಗೂ ಇಲ್ಲ. ಬೆಂಜೊಕೈನ್ ಅಂದರೆ ಮರಗಟ್ಟಿಸುವ ಔಷಧಿ. ‘ಗಂಟಲು ಸಾಕು ಅಂತ ಹೇಳುವುದೇ ನೋವಿನಿಂದ. ಅದರ ಬಾಯಿ ಮುಚ್ಚಿಸಿ ಹಾಡಿದ್ದೀರಿ’ ಅಂದರು. ಚೀಪಿದ ರಸ ಹೋಗುವುದು ಅನ್ನನಾಳಕ್ಕೆ. ಸ್ವರತಂತು ಇರುವುದು ಉಸಿರಿನ ದಾರಿಯಲ್ಲಿ, ಅಲ್ಲಿಗೆ ಹನಿ ಬಿದ್ದರೆ ಕೆಮ್ಮು ಬರುತ್ತದೆ. ಮೆಂಥಾಲ್ ತಣ್ಣಗೆ ಅನಿಸುತ್ತದೆ ಅಷ್ಟೇ, ಊತ ಇಳಿಸುವುದಿಲ್ಲ. ಹಾಗಿದ್ದರೆ ‘ಸ್ವರತಂತುವಿಗೆ ನೇರ ಪೋಷಣೆ’ ಅಂತ ಡಬ್ಬಿ ಮೇಲೆ ಬರೆದದ್ದು ಯಾವ ಧೈರ್ಯದಲ್ಲಿ?

ಮಾರಿದವರಿಗೆ ಎರಡೂ ಚೀಟಿಯ ಫೋಟೋ ಕಳಿಸಿದೆ. ಉತ್ತರ ನೋಡಿ. ಮೊದಲು: ‘ಭಾಗವತರೇ, ನಿಮ್ಮದು ಉಷ್ಣ ಶರೀರ, ಅದಕ್ಕೇ ಹಾಗಾಗಿದೆ.’ ಚೀಟಿ ಕೇಳಿದರೆ ಶರೀರದ ಮಾತು! ಮತ್ತೆ ಕೇಳಿದೆ. ‘ಅದು ಹಳೇ ಡಬ್ಬಿ, ಒಳಗಿನ ಮಾಲು ಬೇರೆ.’ ಒಳಗಿನ ಮಾಲು ಬೇರೆಯಾದರೆ ನಾಲಿಗೆ ಮರಗಟ್ಟಿದ್ದು ಯಾಕೆ? ‘ಕೋರ್ಸ್ ಪೂರ್ತಿ ಮಾಡಿಲ್ಲ, ಇನ್ನೊಂದು ಡಬ್ಬಿ ಅರ್ಧ ರೇಟಿಗೆ ಕೊಡ್ತೇವೆ.’ ನನಗೆ ಮಾತಾಡಲೂ ಸ್ವರವಿಲ್ಲ, ಇವರಿಗೆ ಇನ್ನೊಂದು ಡಬ್ಬಿಯ ವ್ಯಾಪಾರ! ದುಡ್ಡು ವಾಪಸ್ ಕೊಡಿ ಅಂದಾಗ ‘ಸೀಲ್ ಒಡೆದ ಮೇಲೆ ಆಗಲ್ಲ’ ಅಂದರು. ಸೀಲ್ ಒಡೆಯದೆ ಮಾತ್ರೆ ತಿನ್ನುವುದು ಹೇಗೆ ಸ್ವಾಮಿ? ಆಮೇಲೆ ಬ್ಲಾಕ್.

ಆಯುರ್ವೇದದ ಔಷಧಿ ಅಂದರೆ ತಯಾರಿಸಿದವರ ಲೈಸೆನ್ಸ್ ನಂಬರ್, ವಿಳಾಸ ಇರಲೇಬೇಕು. ಮಿಠಾಯಿ ಅಂತ ಮಾರಿದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಬೇಕು. ಇದರ ಮೇಲಿನ ಚೀಟಿಯಲ್ಲಿ ಎರಡೂ ಇರಲಿಲ್ಲ, ಬರೀ ವೀಣೆ ಹಿಡಿದ ಸರಸ್ವತಿಯ ಚಿತ್ರ. ಚೀಟಿ ಮೇಲೆ ಚೀಟಿ ಇದ್ದರೆ ಎಳೆದು ನೋಡಿ. ನಾಲಿಗೆ ಮರಗಟ್ಟಿದರೆ ಉಗಿಯಿರಿ, ಅವತ್ತು ಹಾಡಬೇಡಿ. ಸ್ವರ ಬಿದ್ದರೆ ಸುಮ್ನೆ ಮಾತ್ರೆ ಚೀಪುತ್ತಾ ಕೂರದೆ ಇಎನ್‌ಟಿಗೆ ತೋರಿಸಿ.

ಗ್ರಾಹಕ ಸಹಾಯವಾಣಿ 1915ಕ್ಕೆ ನನ್ನ ಪರವಾಗಿ ಮಗನೇ ಮಾತಾಡಿ ದೂರು ಕೊಟ್ಟಿದ್ದಾನೆ. ಈಗ ಅದೇ ಡಬ್ಬಿ ಬೇರೆ ಹೆಸರಲ್ಲಿ ನಮ್ಮ ಮೇಳದ ಹುಡುಗರ ಮೊಬೈಲ್‌ಗೂ ಬಂದಿದೆ. ನಿಮಗೂ ಬಂದಿದ್ದರೆ ಚಾಟ್ ಅಳಿಸಬೇಡಿ, ದುಡ್ಡು ಕಳಿಸಿದ ರಸೀದಿ ಇಟ್ಟುಕೊಂಡು ನೀವೂ ದೂರು ಕೊಡಿ.